ಬೀದಿಯ ನೆಲದಡಿ ಅಡಗಿದ್ದ ಕಣಜ

ನಮಸ್ಕಾರ. ನಾನೀಗ ಚಳ್ಳಕೆರೆ ಸೀಮೆಯ ಒಂದು ಹಳ್ಳಿಯ ಹಳೆಯ ಬೀದಿಯಲ್ಲಿ ನಿಂತಿದ್ದೇನೆ. ತಮ್ಮ ಅಜ್ಜಿಯ ಊರಿನಲ್ಲಿ ಎತ್ತಿನ ಗಾಡಿ ಹಾದುಹೋಗುವಾಗ ಬೀದಿಯ ಕೆಲವು ಕಡೆ ಮಾತ್ರ ನೆಲ ಗುಮ್ಮೆಂದು ಸದ್ದು ಮಾಡುತ್ತಿದ್ದುದೇಕೆ ಎಂದು ವೀಕ್ಷಕರೊಬ್ಬರು ಕೇಳಿದ್ದರು. ಆ ಪ್ರಶ್ನೆಯೇ ನನ್ನನ್ನು ಇಲ್ಲಿಗೆ ಕರೆತಂದಿತು.

ಆ ಸದ್ದು ಹಗೇವಿನದು. ಹಗೇವು ಎಂದರೆ ಜೋಳ, ರಾಗಿಯಂಥ ಧಾನ್ಯವನ್ನು ತುಂಬಿಡಲು ನೆಲದೊಳಗೆ ತೋಡಿದ ಗುಳಿ. ಒಬ್ಬ ಆಳು ಇಳಿಯುವಷ್ಟೇ ಕಿರಿದಾದ ಬಾಯಿ, ಅದರ ಕೆಳಗೆ ಗುಡಾಣದಂತೆ ಉಬ್ಬಿದ ಹೊಟ್ಟೆ. ಒಳಮೈಗೆ ಒಣಹುಲ್ಲು ಒತ್ತಿ, ಹತ್ತಾರು ಪಲ್ಲ ಕಾಳು ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಬಡಿದುಬಿಟ್ಟರೆ ಅಲ್ಲೊಂದು ಕಣಜವಿದೆಯೆಂಬುದು ಪರಊರಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಪಾಳೆಯಗಾರರ ಕಾಲದ ದಂಡು ದಾಳಿಗಳನ್ನು ಕಂಡ ಈ ನಾಡಿನಲ್ಲಿ ಅದು ಸಣ್ಣ ಅನುಕೂಲವಲ್ಲ. ಮನೆಗೆ ಬೆಂಕಿ ಬಿದ್ದರೂ ಬೀದಿಯ ಕಾಳು ಉಳಿಯುತ್ತಿತ್ತು.

ಈ ವಿಡಿಯೋದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಹಗೇವಿನ ಒಳಗಿನ ಗಾಳಿಯ ಬಳಿ. ಕಾಳು ಸತ್ತ ವಸ್ತುವಲ್ಲ, ಅದು ಉಸಿರಾಡುತ್ತದೆ. ಮುಚ್ಚಿದ ಗುಳಿಯೊಳಗೆ ಕಾಳು, ಹುಳು, ಬೂಷ್ಟು ಎಲ್ಲವೂ ಸೇರಿ ಗಾಳಿಯಲ್ಲಿ ಶೇಕಡ 21ರಷ್ಟಿರುವ ಆಮ್ಲಜನಕವನ್ನು ದಿನದಿನಕ್ಕೆ ತೀರಿಸುತ್ತ ಬಂದು ಇಂಗಾಲದ ಡೈಆಕ್ಸೈಡನ್ನು ತುಂಬುತ್ತವೆ; ಕೊನೆಗೆ ಉಸಿರು ಸಿಗದೆ ಹುಳುಗಳೇ ಸಾಯುತ್ತವೆ. ಔಷಧಿಯ ಹಂಗಿಲ್ಲದೆ ಕಾಳು ವರ್ಷಗಟ್ಟಲೆ ಉಳಿಯುತ್ತಿದ್ದುದು ಹೀಗೆ. ಆದರೆ ಹುಳುವನ್ನು ಕೊಂದ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಆ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಬಾಯಿ ತೆರೆದ ಮೇಲೂ ತಳದಲ್ಲಿಯೇ ಉಳಿಯುತ್ತದೆ. ಆದ್ದರಿಂದಲೇ ಹಿರಿಯರು ಹಗೇವನ್ನು ತೆರೆದು ಬಹಳ ಹೊತ್ತು ಹಾಗೆಯೇ ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗಿಳಿಸಿ, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಇಷ್ಟು ಎಚ್ಚರವಿದ್ದೂ ಪ್ರಾಣ ಕಳೆದುಕೊಂಡವರಿದ್ದಾರೆ. ಇಂದು ಯಾರೂ ದೀಪವೊಂದನ್ನೇ ನಂಬಿ ಹಳೆಯ ಗುಳಿಗೆ ಇಳಿಯಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಗೋಡೆಗೆ ತಾಗಿದ ಕಾಳು ಕಪ್ಪಾಗಿ, ಹಗೇವಿನ ಜೋಳದ ರೊಟ್ಟಿಗೆ ಮುಗ್ಗಲು ವಾಸನೆ ಇರುತ್ತಿತ್ತು. ಮಳೆ ಕೈಕೊಡುವುದೇ ರೂಢಿಯಾಗಿದ್ದ ಈ ಬಯಲುಸೀಮೆಯಲ್ಲಿ ಆ ವಾಸನೆಯನ್ನು ಯಾರೂ ದೂರುವಂತಿರಲಿಲ್ಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಸುಟ್ಟ ಧಾತು ಸಂವತ್ಸರದ ಬರದಂಥ ದಿನಗಳಲ್ಲಿ ಹಗೇವು ತುಂಬಿದ್ದ ಮನೆಗೂ ಬರಿದಾಗಿದ್ದ ಮನೆಗೂ ಇದ್ದ ಅಂತರ ಜೀವದ ಅಂತರ. ಹಗೇವು ಎಲ್ಲರಿಗೂ ಇರಲಿಲ್ಲವೆಂಬುದನ್ನೂ ಹೇಳಲೇಬೇಕು: ಅದನ್ನು ತೋಡಿ, ಅದಕ್ಕಿಳಿದು ಕಾಳು ಮೊಗೆದುಕೊಟ್ಟ ಕೂಲಿಯವರ ಮನೆಯಲ್ಲಿ ಹಲವೊಮ್ಮೆ ನಾಳೆಯ ಹಿಟ್ಟೂ ಇರುತ್ತಿರಲಿಲ್ಲ.

ಸಮಯ ಕಡಿಮೆಯಿರುವುದರಿಂದ ಉಳಿದುದನ್ನು ಬೇಗ ಹೇಳುತ್ತೇನೆ. ಮಾಳಿಗೆ ಮನೆಗಳು, ಸಂಜೆಯ ಮಾತಿಗೆ ಜಗುಲಿ, ಹುಡುಗರಿಗೆ ಗರಡಿ, ಇವೆಲ್ಲ ಹಗೇವಿನ ಬೀದಿಯನ್ನು ಹಗಲಿರುಳು ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದವು. ಭದ್ರಾ ನಾಲೆ ಹರಿದ ದಾವಣಗೆರೆ ಕಡೆ ಬೆಳೆ ಭತ್ತಕ್ಕೆ ತಿರುಗಿತು. ಒದ್ದೆ ನೆಲ ಹಗೇವಿಗೆ ಒಗ್ಗುವುದೂ ಇಲ್ಲ. ಗೋಣಿಚೀಲ, ಗೋದಾಮು, ಪಡಿತರದ ಅಂಗಡಿ ಬಂದ ಮೇಲೆ ಗುಳಿಗಳಿಗೆ ಮಣ್ಣು ಬಿತ್ತು.

ಈ ಕಾಂಕ್ರೀಟು ರಸ್ತೆಯ ಮೇಲೆ ಈಗ ಏನೂ ಕಾಣುವುದಿಲ್ಲ. ಎದುರಿನ ಜಗುಲಿಯ ಮೇಲೆ ಕುಳಿತ ಅಜ್ಜಿಯೊಬ್ಬರು ಮಾತ್ರ ಕೋಲು ಚಾಚಿ, ಇದು ಗೌಡರದು, ಅದು ನಮ್ಮ ಮಾವನವರದು ಎಂದು ಒಂದೊಂದಾಗಿ ನನಗೆ ಏಳು ಜಾಗಗಳನ್ನು ತೋರಿಸಿದರು.