ಒಂದು ಗೀರು, ಎರಡು ಗೀರು, ಮೂರು ಗೀರು: ತೋಫು ಕಡ್ಡಿಗಳ ಒಂದು ಸಂಜೆ

ಈ ಬಟ್ಟಲಲ್ಲಿರುವ ನೀರು ನೋಡಿ. ಇಷ್ಟೂ ತೋಫುವಿನಿಂದ, ಅಂದರೆ ಸೋಯಾ ಹಾಲಿನ ಪನೀರಿನಿಂದ, ಇಳಿದದ್ದು. ಮೇಲೆ ಭಾರ ಇಟ್ಟು ಅರ್ಧ ಗಂಟೆ ಬಿಟ್ಟಿದ್ದೆ, ಅಷ್ಟೇ. ಇವತ್ತಿನ ವಿಡಿಯೋ ಹೆಚ್ಚು ಕಡಿಮೆ ಈ ನೀರಿನ ಬಗ್ಗೆಯೇ.

ನಮಸ್ಕಾರ. ಇವತ್ತು ತೋಫುವನ್ನು ಮ್ಯಾರಿನೇಟ್ ಮಾಡಿ, ಅಂದರೆ ಮಸಾಲೆಯಲ್ಲಿ ನೆನೆಸಿಟ್ಟು, ಕಡ್ಡಿಗೆ ಚುಚ್ಚಿ, ಕಾವಲಿಯ ಮೇಲೆ ಕೆಂಪಗೆ ಬೇಯಿಸುತ್ತಿದ್ದೇನೆ. ಮೊದಲ ಸಲ ಮಾಡಿದಾಗ ಮಸಾಲೆಗೆ ತುಂಬಾ ತಲೆ ಕೆಡಿಸಿಕೊಂಡಿದ್ದೆ. ಇಡೀ ರಾತ್ರಿ ನೆನೆಸಿಟ್ಟಿದ್ದೆ. ತಂಗಿಗೆ ಬಡಿಸಿದೆ. ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಹೊರಗೆ ಚೆನ್ನಾಗಿದೆ ಅಕ್ಕ, ಒಳಗೆ ಏನೂ ಇಲ್ಲ" ಅಂದಳು. ಆ ಮಾತು ಇವತ್ತಿಗೂ ನನ್ನ ತಲೆಯಲ್ಲಿದೆ. ಅವಳು ಹೇಳಿದ್ದು ನಿಜ. ಒಳಗೆ ನೀರಿತ್ತು. ನೀರು ಜಾಗ ಬಿಡದೆ ರುಚಿ ಎಲ್ಲಿ ಹೋಗಬೇಕು, ಹೇಳಿ?

ಗಟ್ಟಿ ತೋಫು ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೂ ಅದರಲ್ಲಿ ಸುಮಾರು ಮುಕ್ಕಾಲು ಭಾಗ ನೀರೇ ಇರುತ್ತದೆ. ಸಿಲ್ಕನ್ ತೋಫು ಅಂತೂ ಇನ್ನೂ ಮೆದು. ಅದನ್ನು ಕಡ್ಡಿಗೆ ಚುಚ್ಚುವ ಯೋಚನೆಯೇ ಬೇಡ, ಒಡೆದುಹೋಗುತ್ತದೆ. ಫರ್ಮ್ ಅಥವಾ ಎಕ್ಸ್‌ಟ್ರಾ ಫರ್ಮ್ ತೆಗೆದುಕೊಳ್ಳಿ.

ನೀರು ತೆಗೆಯೋದಕ್ಕೆ ಮೂರು ದಾರಿ ಗೊತ್ತು ನನಗೆ. ಯಾವುದು ಒಳ್ಳೆಯದು ಅಂತ ಒಂದೇ ದಿನ, ಒಂದೇ ಮಸಾಲೆಯಲ್ಲಿ ಯಾವತ್ತೂ ಹೋಲಿಸಿ ನೋಡಿರಲಿಲ್ಲ. ಇವತ್ತು ಮೂರನ್ನೂ ಮಾಡಿದ್ದೇನೆ. ಸಂಜೆ ತಂಗಿ ಬರುತ್ತಾಳೆ, ಯಾವುದು ಯಾವುದು ಅಂತ ಹೇಳದೆ ಕೊಡುತ್ತೇನೆ. ಗುರುತಿಗೆ ಕಡ್ಡಿಯ ತುದಿಯಲ್ಲಿ ಚಾಕುವಿನಿಂದ ಗೀರು ಹಾಕಿದ್ದೇನೆ. ಇಲ್ಲಿ ಕಾಣುತ್ತಿದೆಯಲ್ಲ, ಒಂದು, ಎರಡು, ಮೂರು.

ಒಂದು ಗೀರಿನದು ಭಾರ ಇಟ್ಟದ್ದು. ಎಲ್ಲರೂ ಮಾಡುವ ವಿಧಾನ. ಬಟ್ಟೆಯಲ್ಲಿ ಸುತ್ತಿ, ಮೇಲೊಂದು ತಟ್ಟೆ, ತಟ್ಟೆಯ ಮೇಲೆ ನೀರು ತುಂಬಿದ ಪಾತ್ರೆ. ತೀರಾ ಭಾರ ಬೇಡ, ಅಂಚು ಸೀಳುತ್ತದೆ. ನಿಧಾನವಾಗಿ ಇಳಿಯಲಿ.

ಎರಡು ಗೀರಿನದು ಫ್ರೀಜರ್‌ನಿಂದ ಬಂದದ್ದು. ನಿನ್ನೆ ಬೆಳಿಗ್ಗೆ ಇಟ್ಟಿದ್ದೆ, ಇವತ್ತು ಬೆಳಿಗ್ಗೆ ಹೊರಗೆ ತೆಗೆದೆ. ಹೆಪ್ಪುಗಟ್ಟಿದಾಗ ಬಣ್ಣ ಹಳದಿ ತಿರುಗುತ್ತದೆ. ಹಾಳಾಯಿತು ಅಂತ ಹೆದರಬೇಡಿ, ಕರಗಿದ ಮೇಲೆ ಮತ್ತೆ ಬೆಳ್ಳಗಾಗುತ್ತದೆ. ನೀರು ಮಂಜುಗಡ್ಡೆ ಆಗುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಆ ಹರಳುಗಳು ತೋಫು ಒಳಗೆ ಸಣ್ಣ ಸಣ್ಣ ಪೊಟರೆ ಮಾಡುತ್ತವೆ. ಕರಗಿದ ಮೇಲೆ ಎರಡು ಅಂಗೈ ನಡುವೆ ಇಟ್ಟು ಒತ್ತಿ. ನೋಡಿ, ಸ್ಪಂಜು ಹಿಂಡಿದ ಹಾಗೆ! ಈ ಒಂದು ಕ್ಷಣಕ್ಕಾಗಿಯೇ ನನಗೆ ಈ ವಿಧಾನ ಇಷ್ಟ.

ಮೂರು ಗೀರಿನದು ಬಿಸಿ ಉಪ್ಪುನೀರಿನಲ್ಲಿ ಮುಳುಗಿಸಿದ್ದು. ಮೊದಲೇ ತುಂಡು ಮಾಡಿಕೊಂಡು, ಕುದಿ ಬಂದ ಉಪ್ಪುನೀರು ಸುರಿದು 15 ನಿಮಿಷ ಬಿಟ್ಟೆ. ನೀರು ತೆಗೆಯೋಕೆ ನೀರಿಗೇ ಹಾಕೋದಾ ಅನ್ನಿಸುತ್ತೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಹೊರಗೆ ತೆಗೆದಾಗ ತುಂಡು ಬಿಸಿಯಾಗಿರುತ್ತದೆ, ಬಟ್ಟೆಯ ಮೇಲೆ ಹರಡಿದರೆ ಮೇಲಿನ ತೇವ ಆವಿಯಾಗಿ ಬೇಗ ಹೋಗುತ್ತದೆ. ಜೊತೆಗೆ ಉಪ್ಪು ಒಳಗೆ ಸೇರಿರುತ್ತದೆ.

ಈಗ ಮಸಾಲೆ. 3 ದೊಡ್ಡ ಚಮಚ ಸೋಯಾ ಸಾಸ್, 2 ಚಮಚ ನೀರು, 1 ಚಮಚ ನಿಂಬೆ ರಸ, ತುರಿದ ಶುಂಠಿ, ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಕೆಂಪು ಮೆಣಸಿನ ಪುಡಿ. ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿಯೂ ಇರುತ್ತದೆ. ಗೋಧಿ ಆಗದವರು ಲೇಬಲ್ ಓದಿ ತೆಗೆದುಕೊಳ್ಳಿ.

ಎಣ್ಣೆ ಎಲ್ಲಿ ಅಂತ ಕೇಳಬಹುದು. ಬೇಕಂತಲೇ ಹಾಕಿಲ್ಲ. ತೋಫು ಒಳಗೆ ಇನ್ನೂ ನೀರಿನ ಅಂಶ ಇದೆ. ನೀರಿಗೂ ಎಣ್ಣೆಗೂ ಆಗಿಬರೋದಿಲ್ಲ. ಮೊದಲೇ ಎಣ್ಣೆ ಸವರಿದರೆ ಸೋಯಾ ಸಾಸ್ ಒಳಗೆ ಹೋಗೋಕೆ ಅಡ್ಡ ಆಗುತ್ತದೆ. ಎಣ್ಣೆ ಕಾವಲಿಗೆ ಹಾಕೋಣ. ಜೇನುತುಪ್ಪವೂ ಈಗ ಬೇಡ, ಸಕ್ಕರೆಯ ಅಂಶ ಬೇಗ ಸೀದುಹೋಗುತ್ತದೆ.

ನಿಂಬೆ ರಸ ತೋಫುವನ್ನು ಮೆತ್ತಗೆ ಮಾಡುತ್ತದೆ ಅಂದುಕೊಂಡು ಒಮ್ಮೆ ಜಾಸ್ತಿ ಹಿಂಡಿದ್ದೆ. ಬರೀ ಹುಳಿ ಆಯಿತು. ಆಮೇಲೆ ಅರ್ಥವಾಯಿತು. ಸೋಯಾ ಹಾಲಿಗೆ ಕ್ಯಾಲ್ಸಿಯಂ ಸಲ್ಫೇಟ್ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಹಾಕಿ ಒಡೆಸಿ, ಗಟ್ಟಿ ಮಾಡಿದ್ದೇ ತೋಫು. ಪ್ರೋಟೀನ್ ಆಗಲೇ ಹೆಪ್ಪುಗಟ್ಟಿ ಕೂತಿದೆ. ಹಾಗಾಗಿ ನಿಂಬೆ ಇಲ್ಲಿ ರುಚಿಗೆ ಮಾತ್ರ.

ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ, ಒಂದೇ ಅಳತೆಯ ಮಸಾಲೆಯಲ್ಲಿ ಎರಡು ಗಂಟೆ ಫ್ರಿಜ್‌ನಲ್ಲಿಟ್ಟೆ. ಎರಡನೇ ಡಬ್ಬಿ ನೋಡಿ. ತಳದಲ್ಲಿ ಒಂದು ಹನಿಯೂ ಇಲ್ಲ, ಎಲ್ಲ ಕುಡಿದುಬಿಟ್ಟಿದೆ. ಮೊದಲನೇದರಲ್ಲಿ ಇನ್ನೂ ಅರ್ಧದಷ್ಟು ಉಳಿದಿದೆ.

ಅಷ್ಟರಲ್ಲಿ ಬಿದಿರಿನ ಕಡ್ಡಿಗಳನ್ನು ನೀರಲ್ಲಿ ನೆನೆಸಿದ್ದೆ. ಕಾವಲಿಗಾದರೆ ನೆನೆಸದಿದ್ದರೂ ನಡೆಯುತ್ತದೆ. ಕೆಂಡದ ಮೇಲೆ ಅಥವಾ ಓವನ್‌ನಲ್ಲಿ ಮಾಡುವವರು ಅರ್ಧ ಗಂಟೆ ನೆನೆಸಿ, ಇಲ್ಲದಿದ್ದರೆ ತುದಿ ಕರಕಲಾಗುತ್ತದೆ. ಒಂದೊಂದು ಸಾಲಿಗೆ ಎರಡೆರಡು ಕಡ್ಡಿ ಪಕ್ಕಪಕ್ಕ ಚುಚ್ಚುತ್ತಿದ್ದೇನೆ. ಒಂದೇ ಕಡ್ಡಿ ಇದ್ದರೆ ನಾವು ತಿರುಗಿಸಿದಾಗ ಕಡ್ಡಿ ಮಾತ್ರ ತಿರುಗುತ್ತದೆ, ತೋಫು ಕೂತಲ್ಲೇ ಕೂತಿರುತ್ತದೆ. ನಡುವೆ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ. ತರಕಾರಿ ತೋಫುಗಿಂತ ದಪ್ಪ ಬೇಡ. ದಪ್ಪ ಇದ್ದರೆ ತೋಫು ಕಾವಲಿಗೆ ತಾಗುವುದೇ ಇಲ್ಲ.

ಕಾವಲಿಗೆ ಇಡುವ ಮುಂಚೆ ಒಂದು ಕೆಲಸ. ಪ್ರತಿ ತುಂಡನ್ನೂ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿ. ಅಷ್ಟು ಹೊತ್ತು ನೆನೆಸಿದ ಮಸಾಲೆ ಒರೆಸೋದಕ್ಕೆ ಕೈ ಬರೋದಿಲ್ಲ, ನಿಜ. ಆದರೂ ಒರೆಸಿ. ಮೇಲೆ ನೀರು ಇರುವ ತನಕ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಚೆನ್ನಾಗಿ ಕೆಂಪಾಗೋಕೆ 140 ಡಿಗ್ರಿಯ ಆಸುಪಾಸು ಬೇಕು. ಆ ಕೆಂಪು ಬಣ್ಣ, ಆ ಪರಿಮಳ ಬರುವುದು ಪ್ರೋಟೀನ್ ಮತ್ತು ಸಕ್ಕರೆ ಬಿಸಿಯಲ್ಲಿ ಸೇರಿದಾಗ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯಾರ್ ಅವರ ಹೆಸರಿನಲ್ಲೇ ಅದನ್ನು ಮಯಾರ್ ಕ್ರಿಯೆ ಅನ್ನುತ್ತಾರೆ.

ಕಾವಲಿ ಚೆನ್ನಾಗಿ ಕಾದಿದೆ. ಎಣ್ಣೆ ಹಾಕಿದೆ. ಇಟ್ಟೆ. ಈ ಸದ್ದು ಕೇಳಿ.

ಈಗ ಮುಟ್ಟಬೇಡಿ. ಕೈ ಸುಮ್ನೆ ಇರೋದಿಲ್ಲ, ಗೊತ್ತು. ಎಳೆದರೆ ಮೇಲಿನ ಪದರ ಕಾವಲಿಗೇ ಅಂಟಿಕೊಂಡು ಉಳಿಯುತ್ತದೆ. ಕೆಳಗೆ ಕೆಂಪಾದ ಮೇಲೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಮೂರು ನಾಲ್ಕು ನಿಮಿಷ. ಬೆಂದಿದೆಯಾ ಅಂತ ಒಳಗೆ ನೋಡುವ ಅಗತ್ಯ ಇಲ್ಲ, ತೋಫು ಹಸಿಯಾದ ಪದಾರ್ಥ ಅಲ್ಲ. ಬಣ್ಣ ನೋಡಿಕೊಂಡು ತಿರುಗಿಸಿದರೆ ಸಾಕು. ಓವನ್ ಇದ್ದವರು 200 ಡಿಗ್ರಿಯಲ್ಲಿ 25 ನಿಮಿಷ ಇಡಿ, ನಡುವೆ ಒಮ್ಮೆ ತಿರುಗಿಸಿ.

ಡಬ್ಬಿಯಲ್ಲಿ ಉಳಿದ ಮಸಾಲೆಯನ್ನು ಚಿಕ್ಕ ಬಾಣಲೆಗೆ ಹಾಕಿ, ಒಂದು ಚಮಚ ಜೇನುತುಪ್ಪ ಸೇರಿಸಿ ಕುದಿಸುತ್ತಿದ್ದೇನೆ. ಚಮಚಕ್ಕೆ ಅಂಟುವಷ್ಟು ಮಂದ ಆದರೆ ಆಯಿತು. ಇಳಿಸುವ ಅರ್ಧ ನಿಮಿಷ ಮುಂಚೆ ತೋಫು ಮೇಲೆ ಸವರಿ.

ತಂಗಿ ಬಂದಳು. ತಟ್ಟೆ ಮುಂದಿಟ್ಟೆ. ಗೀರಿರುವ ತುದಿಗಳನ್ನು ಕರವಸ್ತ್ರದಿಂದ ಮುಚ್ಚಿದ್ದೆ.

ಮೊದಲನೇದು ತಿಂದು, "ಇದು ಚೆನ್ನಾಗಿದೆ" ಅಂದಳು. ಎರಡನೇದು ಬಾಯಿಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಗಿದಳು. "ಇದರಲ್ಲಿ ಒಳಗೂ ರುಚಿ ಇದೆ. ಆದರೆ ಉಪ್ಪು ಮುಂದೆ ಅಕ್ಕ." ಸರಿಯಾಗಿ ಹೇಳಿದಳು. ಅಷ್ಟು ಹೀರಿಕೊಳ್ಳುವ ತೋಫುಗೆ ಸೋಯಾ ಸಾಸ್ ಅರ್ಧ ಮಾಡಿ, ನೀರು ಜಾಸ್ತಿ ಹಾಕಬೇಕಿತ್ತು. ಮೂರನೇದಕ್ಕೆ ಹೊರಪದರ ಎಲ್ಲಕ್ಕಿಂತ ಗರಿಗರಿ, ಒಳಗೆ ಮೆತ್ತಗೆ. ನನಗೆ ಅದೇ ಇಷ್ಟ. ಅವಳಿಗೆ ಎರಡನೇದು, ಆ ಅಗಿಯುವ ಗುಣಕ್ಕೆ.

ಕರವಸ್ತ್ರ ತೆಗೆದು ಗೀರು ತೋರಿಸಿದೆ. ಫ್ರೀಜರ್ ಅಂದಾಗ ನಂಬಲಿಲ್ಲ. ಫ್ರಿಜ್ ಬಾಗಿಲು ತೆಗೆದು ತಾನೇ ನೋಡಿದಳು. ಮುಂದಿನ ವಾರಕ್ಕೆ ಅಂತ ಇನ್ನೊಂದು ಪ್ಯಾಕೆಟ್ ಅಲ್ಲಿತ್ತು, ಹಳದಿ ಬಣ್ಣಕ್ಕೆ ತಿರುಗಿ, ಕಲ್ಲಿನ ಹಾಗೆ. ಹೋಗುವಾಗ ಅದನ್ನು ಚೀಲಕ್ಕೆ ಹಾಕಿಕೊಂಡು ಹೋದಳು.