ಎರಡು ಸೈಕಲ್‌ಗಳ ಡಿಕ್ಕಿ: ಸಮಾಜಶಾಸ್ತ್ರದ ಮೂಲಪ್ರಶ್ನೆ

ಮಾನ್ಯರೇ, ವಿದ್ಯಾರ್ಥಿ ಮಿತ್ರರೇ,

ಸಮಾಜಶಾಸ್ತ್ರಕ್ಕೆ ಹೊಸದಾಗಿ ಬಂದವರು ಚಿಂತಕರ ಹೆಸರು, ಇಸವಿ, ವ್ಯಾಖ್ಯೆಗಳನ್ನು ಕಂಠಪಾಠ ಮಾಡುವುದರಲ್ಲೇ ದಣಿಯುತ್ತಾರೆ. ಆ ಸಿದ್ಧಾಂತಗಳು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದವು ಎಂಬುದು ತಿಳಿಯದಿದ್ದರೆ ಆ ಶ್ರಮವೆಲ್ಲ ವ್ಯರ್ಥವೆಂದೇ ನನ್ನ ನಂಬಿಕೆ. ನಾನಿಲ್ಲಿ ಎತ್ತಿಕೊಳ್ಳುವ ಮೂಲಪ್ರಶ್ನೆ ಇದು: ಸಮಾಜ ವ್ಯಕ್ತಿಯನ್ನು ಕಟ್ಟುತ್ತದೆಯೋ, ವ್ಯಕ್ತಿಗಳ ವರ್ತನೆ ಸಮಾಜವನ್ನು ಕಟ್ಟುತ್ತದೆಯೋ?

ಫ್ರೆಂಚ್ ಕ್ರಾಂತಿಯ ನಂತರದ ಅಸ್ಥಿರ ದಿನಗಳಲ್ಲಿ ಬೆಳೆದ ಆಗಸ್ಟ್ ಕಾಮ್ಟ್ (1798–1857), ಸಮಾಜದ ಅಧ್ಯಯನವನ್ನು ಮೊದಲು ‘ಸಾಮಾಜಿಕ ಭೌತಶಾಸ್ತ್ರ’ ಎಂದು ಕರೆದಿದ್ದರು. ಅಂಕಿಅಂಶಗಳ ವಿದ್ವಾಂಸ ಕ್ವೆಟ್ಲೆಟ್ ಅದೇ ಹೆಸರನ್ನು ಬಳಸಿದ್ದರಿಂದ ಕಾಮ್ಟ್ ‘ಸೋಷಿಯಾಲಜಿ’ ಎಂಬ ಪದವನ್ನು ಬಳಕೆಗೆ ತಂದರು. ಕಾಮ್ಟ್ ಅವರ ಬೃಹತ್ ಗ್ರಂಥವನ್ನು 1853ರಲ್ಲಿ ಸಂಕ್ಷೇಪಿಸಿ ಇಂಗ್ಲಿಷ್‌ಗೆ ತಂದ ಹ್ಯಾರಿಯೆಟ್ ಮಾರ್ಟಿನೋ ಸ್ವತಃ ಸಮರ್ಥ ಸಮಾಜವಿಶ್ಲೇಷಕಿಯಾಗಿದ್ದರೂ ಬಹುಕಾಲ ಅನುವಾದಕಿಯಾಗಿಯಷ್ಟೇ ಉಳಿದದ್ದು ಖೇದಕರ. ಸಮಾಜವನ್ನು ಒಗ್ಗಟ್ಟಿನ ಕಡೆಯಿಂದಲ್ಲದೆ ವರ್ಗಸಂಘರ್ಷದ ಕಡೆಯಿಂದ ನೋಡಿದ ಕಾರ್ಲ್ ಮಾರ್ಕ್ಸ್ ಪ್ರತ್ಯೇಕ ಉಪನ್ಯಾಸಕ್ಕೇ ಅರ್ಹರು.

ಇಂದು ನಾನು ನಿಲ್ಲಬಯಸುವುದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೀಮ್ ಮತ್ತು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಅವರ ಬಳಿ. 1895ರಲ್ಲಿ ಡರ್ಖೀಮ್ ಹೇಳಿದ್ದು ಇಷ್ಟು: ನಾನು ಆಡುವ ಭಾಷೆ, ಬಳಸುವ ನಾಣ್ಯ ನನಗಿಂತ ಮೊದಲೇ ಇದ್ದವು, ಅವುಗಳನ್ನು ಬಳಸೆಂದು ಯಾರೂ ನನ್ನನ್ನು ಬಲವಂತಪಡಿಸದಿದ್ದರೂ ಬೇರೆ ದಾರಿ ನನಗಿಲ್ಲ. ವ್ಯಕ್ತಿಯ ಹೊರಗಿದ್ದು ವ್ಯಕ್ತಿಯನ್ನು ಕಟ್ಟಿಹಾಕುವ ಇಂಥವನ್ನೇ ಅವರು ‘ಸಾಮಾಜಿಕ ಸಂಗತಿ’ಗಳೆಂದರು. ಎರಡು ವರ್ಷಗಳ ನಂತರ, ತೀರಾ ಖಾಸಗಿಯೆನಿಸುವ ಆತ್ಮಹತ್ಯೆಯನ್ನೂ ಅವರು ಇದೇ ದೃಷ್ಟಿಯಿಂದ ಪರಿಶೀಲಿಸಿದರು. ಸೋದರಳಿಯ ಮಾರ್ಸೆಲ್ ಮೌಸ್ ಸುಮಾರು 26,000 ಪ್ರಕರಣಗಳ ಕಡತಗಳನ್ನು ವಯಸ್ಸು, ಲಿಂಗ, ವೈವಾಹಿಕ ಸ್ಥಿತಿ, ಮಕ್ಕಳಿರುವುದು ಇಲ್ಲದಿರುವುದು ಎಂದು ವಿಂಗಡಿಸಿಕೊಟ್ಟರು. ಒಂದೊಂದು ಕಡತವೂ ಒಬ್ಬೊಬ್ಬರ ದುಃಖವೇ. ಒಟ್ಟಾಗಿ ನೋಡಿದಾಗ ಮಾತ್ರ ಕುಟುಂಬ, ಧರ್ಮಗಳಂಥ ಬಂಧಗಳ ಬಿಗಿ ಮತ್ತು ಸಡಿಲಿಕೆ ಅಲ್ಲಿ ಗೋಚರಿಸುತ್ತದೆ.

ವೆಬರ್ (1864–1920) ಹೊರಟದ್ದು ಇನ್ನೊಂದು ತುದಿಯಿಂದ. ಮಳೆ ಬಂತೆಂದು ಬೀದಿಯಲ್ಲಿದ್ದವರೆಲ್ಲ ಒಮ್ಮೆಗೇ ಕೊಡೆ ಬಿಚ್ಚಿದರೆ ಅದು ಸಾಮಾಜಿಕ ಕ್ರಿಯೆಯಲ್ಲ, ಏಕೆಂದರೆ ಅವರು ಸ್ಪಂದಿಸಿದ್ದು ಮಳೆಗೇ ಹೊರತು ಪರಸ್ಪರರಿಗಲ್ಲ. ಎರಡು ಸೈಕಲ್‌ಗಳು ಡಿಕ್ಕಿ ಹೊಡೆದರೆ ಅದೂ ಬರಿಯ ಘಟನೆ. ಆದರೆ ಡಿಕ್ಕಿ ತಪ್ಪಿಸಲು ಸವಾರರು ಮಾಡಿದ ಯತ್ನ, ಅನಂತರದ ಬೈಗುಳ, ಹೊಡೆದಾಟ ಅಥವಾ ರಾಜಿ ಸಾಮಾಜಿಕ ಕ್ರಿಯೆ. ಅಲ್ಲಿ ಒಬ್ಬನ ವರ್ತನೆ ಇನ್ನೊಬ್ಬನನ್ನು ಗಮನದಲ್ಲಿಟ್ಟುಕೊಂಡು ಅರ್ಥ ಪಡೆಯುತ್ತದೆ. ಆ ಅರ್ಥವನ್ನು ಗ್ರಹಿಸದೆ ಎಷ್ಟು ಎಣಿಸಿದರೂ ವಿವರಣೆ ಪೂರ್ಣವಾಗದು ಎಂಬುದು ವೆಬರ್ ನಿಲುವು.

ಇವರಲ್ಲಿ ಒಬ್ಬರನ್ನು ಆರಿಸಿ ಇನ್ನೊಬ್ಬರನ್ನು ಬಿಡುವುದು ನನಗೆ ಸರಿಕಾಣುವುದಿಲ್ಲ. ಅದೇ ಸೈಕಲ್ ಸವಾರನನ್ನು ಮತ್ತೊಮ್ಮೆ ಗಮನಿಸಿ. ಯಾವ ಬದಿಗೆ ಸರಿಯಬೇಕೆಂಬ ರಸ್ತೆಯ ನಿಯಮ ಅವನು ಹುಟ್ಟುವ ಮೊದಲೇ ಇತ್ತು. ಎದುರಿನವನೂ ಅದನ್ನೇ ಪಾಲಿಸುತ್ತಾನೆಂದು ನಂಬಿ ಅವನು ಹ್ಯಾಂಡಲ್ ತಿರುಗಿಸಿದ.