ಹದಿನಾರೋ ಇಪ್ಪತ್ತನಾಲ್ಕೋ: ಮೊದಲು ಫ್ಯಾನ್ ಆರಿಸಿ

ಈಗ ಕೇಳಿಸಿದ್ದು ಒಂದೇ ತಂಬೂರಿಯ ಒಂದೇ ಮೀಟು, ಮೂರು ಸಲ. ಒಂದು 24 ಬಿಟ್, ಒಂದು 16, ಇನ್ನೊಂದು ಬರೀ 8. ಬಿಟ್ ಎಂದರೆ ಧ್ವನಿಯ ಪ್ರತಿ ಅಳತೆಯನ್ನು ಬರೆದಿಡುವ ಸೊನ್ನೆ-ಒಂದರ ಅಂಕಿ. ಯಾವುದು ಯಾವುದೆಂದು ಕೈ ಎತ್ತಿ ಅಂದರೆ ಸಭೆ ಮೂರು ಪಾಲಾಯಿತು. ನಾಚಿಕೆ ಬೇಡ, ತಲೆಯ ಮೇಲೆ ಫ್ಯಾನುಗಳು ತಿರುಗುತ್ತಿವೆ. ಅವುಗಳ ಸದ್ದು ಸುಮಾರು 45 ಡೆಸಿಬಲ್ ಅನ್ನಿ. ಸ್ಪೀಕರಿನದು ಜೋರೆಂದರೆ 90. ನಡುವೆ ಉಳಿಯುವುದು 45. ಬಿಟ್ಟಿಗೆ 6 ಡೆಸಿಬಲ್ ಲೆಕ್ಕ. ಅಂದಮೇಲೆ ಈ ಫ್ಯಾನುಗಳ ಕೆಳಗೆ ಎಂಟು ಬಿಟ್ಟೇ ಧಾರಾಳ.

ಬಿಟ್ ಹೆಚ್ಚಿದರೆ ಮಾಧುರ್ಯ ಹೆಚ್ಚುವುದಿಲ್ಲ, ತಳದ ಸದ್ದು, ಅಂದರೆ ಅಳತೆಯ ದೋಷದಿಂದ ಅಡಿಯಲ್ಲಿ ಉಳಿಯುವ ಸದ್ದು, ಕೆಳಗಿಳಿಯುತ್ತದೆ. ಇದನ್ನು ಇವತ್ತು ಮತ್ತೆ ಮತ್ತೆ ಹೇಳುವವನಿದ್ದೇನೆ, ಸಹಿಸಿಕೊಳ್ಳಿ.

8 ಬಿಟ್‌ಗೆ ಮಟ್ಟ ಅಳೆಯಲು 256 ಮೆಟ್ಟಿಲು, 16ಕ್ಕೆ 65,536. ತಂಬೂರಿಯ ನಾದ ಇಳಿಯುತ್ತಾ ಇಳಿಯುತ್ತಾ ಗರಿಷ್ಠ ಮಟ್ಟಕ್ಕಿಂತ 40 ಡೆಸಿಬಲ್ ಕೆಳಗೆ ಬಂತೆನ್ನಿ. ಎಂಟು ಬಿಟ್ಟಿನಲ್ಲಿ ಅದಕ್ಕೆ ಕಾಲಿಡಲು ಒಂದೆರಡು ಮೆಟ್ಟಿಲಷ್ಟೇ ಉಳಿದಿರುತ್ತವೆ. ಅಲೆ ಚೌಕಾಕಾರವಾಗಿ ಗರಗರ ಎನ್ನುತ್ತದೆ. 48 ದಾಟಿದರೆ ಅರ್ಧ ಮೆಟ್ಟಿಲೂ ಇಲ್ಲ. ಎಲ್ಲವೂ ಸೊನ್ನೆಗೆ ದುಂಡಾಗಿ, ಯಾರೋ ತಂತಿಯನ್ನು ಅದುಮಿ ಹಿಡಿದಂತೆ ನಾದ ಕತ್ತರಿಸಿಹೋಗುತ್ತದೆ.

ಇದಕ್ಕೆ ಮದ್ದು ಡಿದರ್. ಮುಳ್ಳಿನ ತಕ್ಕಡಿ ಅಂಟಿಕೊಂಡಾಗ ಅಂಗಡಿಯವರು ಬೆರಳಿನಿಂದ ತಟ್ಟುತ್ತಾರಲ್ಲ, ಅದೇ. ಬಿಟ್ ಇಳಿಸುವ ಮುನ್ನ ತುದಿಯಿಂದ ತುದಿಗೆ ಎರಡು ಮೆಟ್ಟಿಲಿನಷ್ಟು ಅಡ್ಡಾದಿಡ್ಡಿ ಸದ್ದು ಬೆರೆಸಬೇಕು. ಗರಗರ ಹೋಗಿ ಸಣ್ಣಗೆ 'ಉಸ್' ಎನ್ನುವ ಒಂದೇ ಸಮನೆಯ ಸದ್ದು ನಿಲ್ಲುತ್ತದೆ, ಅದರ ಅಡಿಯಲ್ಲೂ ತಂಬೂರಿ ಕೇಳುತ್ತಲೇ ಇರುತ್ತದೆ. ಡಿದರ್ ಹಾಕುವುದು ಕೊಟ್ಟಕೊನೆಗೆ, ಒಂದೇ ಸಲ. ಹಾಕಿದ ಮೇಲೆ ವಾಲ್ಯೂಮ್ ಮುಟ್ಟಿ ಮತ್ತೆ 16ಕ್ಕೆ ದುಂಡಾಗಿಸಿದಿರೋ, ಗರಗರ ವಾಪಸ್.

ಸಿ.ಡಿ. ಕಥೆ ಹೇಳದೆ ಮುಂದೆ ಹೋಗಲಾರೆ. ಫಿಲಿಪ್ಸ್‌ನವರ ಕೈಯಲ್ಲಿ ಇದ್ದದ್ದು 14 ಬಿಟ್ಟಿನ ಚಿಪ್. ಅಷ್ಟು ಸಾಕು ಎಂದರು. ಸೋನಿಯವರು 16ಕ್ಕೆ ಪಟ್ಟು ಹಿಡಿದು ಗೆದ್ದರು. ಫಿಲಿಪ್ಸ್ ಚಿಪ್ ಎಸೆಯಿತೇ? ಇಲ್ಲ! ಸೆಕೆಂಡಿಗೆ 44,100 ಸ್ಯಾಂಪಲನ್ನು, ಅಂದರೆ ಅಲೆಯ ಅಳತೆಗಳನ್ನು, ನಾಲ್ಕು ಪಟ್ಟು ಮಾಡಿ 1,76,400 ವೇಗದಲ್ಲಿ ಓಡಿಸಿ, ದೋಷದ ಸದ್ದನ್ನು ಕಿವಿಗೆ ನಿಲುಕದ ಎತ್ತರಕ್ಕೆ ತಳ್ಳಿ, ಅದೇ ಹದಿನಾಲ್ಕರಿಂದ ಹೆಚ್ಚುಕಡಿಮೆ ಹದಿನಾರರ ಕೆಲಸ ತೆಗೆಯಿತು. ಆಗಲೂ ಗೆದ್ದದ್ದು ಮೆಟ್ಟಿಲಿನ ಎಣಿಕೆಯಲ್ಲ. ತಳದ ಸದ್ದು ಎಲ್ಲಿದೆ ಎಂಬುದು.

ಮನೆಯಲ್ಲಿ ಪರೀಕ್ಷಿಸುವವರು ಒಂದು ತಪ್ಪು ಮಾಡುತ್ತಾರೆ: ಅಂಗಡಿಯಿಂದ ಎರಡು ಬೇರೆ ಫೈಲ್ ತಂದು ಹೋಲಿಸುತ್ತಾರೆ. ಅವುಗಳ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುನ್ನ ಧ್ವನಿಯನ್ನು ಹದಗೊಳಿಸಿದ ರೀತಿ, ಬೇರೆಯಿದ್ದರೆ ಬಿಟ್ಟಿನ ಮಾತೇ ಇಲ್ಲ. ಒಂದೇ 24 ಬಿಟ್ ಫೈಲ್ ತೆಗೆದುಕೊಳ್ಳಿ, ಡಿದರ್ ಹಾಕಿ 16ಕ್ಕೆ ಇಳಿಸಿ, ಪ್ಲೇಯರ್ ಗುಟ್ಟು ಬಿಟ್ಟುಕೊಡದಂತೆ ಮತ್ತೆ 24 ಬಿಟ್ ಫೈಲಾಗಿಯೇ ಉಳಿಸಿ. ಸ್ಯಾಂಪಲ್ ರೇಟ್ ಮುಟ್ಟಬೇಡಿ. ಮಟ್ಟ 0.1 ಡೆಸಿಬಲ್ ಒಳಗೆ ಹೊಂದಬೇಕು, ಏಕೆಂದರೆ ತುಸು ಜೋರಾದದ್ದೇ ಕಿವಿಗೆ 'ಚೆನ್ನ'. ಹೆಸರು ಮುಚ್ಚಿ 16 ಸಲ ಕೇಳಿ. 12 ಸರಿಯಾದರೆ ಮಾತಾಡೋಣ. ಎಂಟು ಸರಿಯಾದರೆ ಅದು ನಾಣ್ಯ ಚಿಮ್ಮಿದ ಹಾಗೆ.

2007ರಲ್ಲಿ ಪ್ರಕಟವಾದ ಮೇಯರ್ ಮತ್ತು ಮೊರಾನ್ ಅವರ ಪರೀಕ್ಷೆಯಲ್ಲಿ ಹೈ ರೆಸಲ್ಯೂಷನ್ ಧ್ವನಿಯನ್ನು (ಸಿ.ಡಿ.ಗಿಂತ ಸೂಕ್ಷ್ಮವಾಗಿ ಅಳೆದದ್ದು) ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸ್‌ನ ಮೂಲಕ ಹಾಯಿಸಿ ಹೋಲಿಸಿದರು. 554 ಸಲದಲ್ಲಿ ಸರಿಯಾದದ್ದು 276. 'ನಾದ ಅಳಿಯುವಾಗ ವಾಲ್ಯೂಮ್ ಏರಿಸಿದರೆ ಗೊತ್ತಾಗುತ್ತದಲ್ಲ?' ಎನ್ನುತ್ತೀರಿ. ಗೊತ್ತಾಗುತ್ತದೆ, ನಿಜ. ಮುಂದಿನ ಮೃದಂಗದ ಪೆಟ್ಟಿಗೆ ಸ್ಪೀಕರೂ ಕಿವಿಯೂ ಉಳಿದರೆ ತಿಳಿಸಿ.

ಚೀಟಿ ಬಂತು, ಐದೇ ನಿಮಿಷವಂತೆ. ರೆಕಾರ್ಡಿಂಗ್ ಬಗ್ಗೆ ಒಂದು ಮಾತು: ಅಲ್ಲಿ 24 ಬಿಟ್ ಬೇಕೇ ಬೇಕು. ತನಿ ಆವರ್ತನ ಎಷ್ಟು ಜೋರಾದೀತೆಂದು ಮೊದಲೇ ತಿಳಿಯದು. 18 ಡೆಸಿಬಲ್ ಜಾಗ ಬಿಡಬೇಕು. 16ರಲ್ಲಿ ಬಿಟ್ಟರೆ ಕೈಗೆ ಉಳಿಯುವುದು 13 ಬಿಟ್. 24ರಲ್ಲಿ ಬಿಟ್ಟರೆ ನಷ್ಟವೇ ಇಲ್ಲ, ಮೈಕಿನ ಮತ್ತು ಕೋಣೆಯ ಸದ್ದೇ ಆ ತಳಕ್ಕಿಂತ ಮೇಲಿರುತ್ತದೆ.

ಈಗ ಯಾರಾದರೂ ಆ ಫ್ಯಾನುಗಳನ್ನು ಆರಿಸಿ. ರೆಕ್ಕೆ ನಿಲ್ಲಲಿ... ಹಾಂ. ಅದೇ ತಂಬೂರಿ, ಅದೇ ಎಂಟು ಬಿಟ್. ಮೊದಲು ಡಿದರ್ ಇಲ್ಲದ್ದು, ಆಮೇಲೆ ಹಾಕಿದ್ದು. ನಾದದ ಬಾಲಕ್ಕೆ ಕಿವಿ ಕೊಡಿ.